ಶನಿವಾರದ ಸಂಜೆ ಯಾರ ಬಳಿ ಇತ್ತು

ನನಗೆ ಜನರ ದನಿ ನೆಗಡಿಯ ಹಾಗೆ ಅಂಟಿಕೊಳ್ಳುತ್ತದೆ. ಸಿಟಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಇಳಿದುಹೋದ ಮೇಲೂ ಅವರ ಕೆಮ್ಮು, ಅವರ ‘ಅಯ್ಯೋ ಶಿವನೇ’ ನನ್ನ ಗಂಟಲಲ್ಲೇ ಉಳಿದಿರುತ್ತದೆ. ಮನೆಗೆ ಫೋನು ಬಂದರೆ ಅಪ್ಪನ ದನಿಯಲ್ಲಿ ಹಲೋ ಅಂದು, ಅಪ್ಪನ ಸ್ನೇಹಿತರ ಮಂಡಿನೋವಿನ ಕತೆಯನ್ನೆಲ್ಲ ಕೇಳಿಸಿಕೊಂಡು, ಅಪ್ಪನ ಪರವಾಗಿ ಕಷಾಯವನ್ನೂ ಹೇಳಿ ಫೋನಿಟ್ಟುಬಿಡುತ್ತಿದ್ದೆ. ಅವರು ವಾಸಿಯಾಯಿತೆಂದು ಥ್ಯಾಂಕ್ಸ್ ಹೇಳಲು ಬಂದಾಗ ಅಪ್ಪನಿಗೆ ಏನೂ ಗೊತ್ತಿರುತ್ತಿರಲಿಲ್ಲ. ಇಂಥವನಿಗೆ ಸಿಗಬೇಕಾದ ಕೆಲಸವೇ ನನಗೆ ಸಿಕ್ಕಿತು: ವೆಬ್‌ಸೈಟಿನ ಮುಖ ಮಾಡುವುದು. ಒಳಗೆ ಏನೇ ನಡೆಯುತ್ತಿರಲಿ, ಹೊರಗೆ ಚೆಂದ ಕಾಣಬೇಕು.

ಎರಡು ಸಾವಿರದ ಇಸವಿ ದಾಟಿದ ಹೊಸದು. ನಮ್ಮ ಆಫೀಸು ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ, ಒಂದು ಪಾತ್ರೆ ಅಂಗಡಿಯ ಮೇಲಿನ ಮಹಡಿ. ಕೆಳಗೆ ಯಾರಾದರೂ ಕೊಳಗ ಕೊಳ್ಳಲು ಬಂದರೆ ಒಡಕಿಲ್ಲ ತಾನೇ ಎಂದು ಬೆರಳುಗೆಣ್ಣಿನಿಂದ ಅದನ್ನು ಬಾರಿಸಿ ನೋಡುತ್ತಿದ್ದರು. ಮೇಲೆ ನಮ್ಮ ಯೋಚನೆ ಅಲ್ಲಿಗೇ ಕಡಿದುಹೋಗುತ್ತಿತ್ತು. ಮಾಲೀಕರನ್ನು ಬಿಟ್ಟರೆ ಕೆಲಸಕ್ಕಿದ್ದವರು ಮೂವರು. ನಾನು, ನಾವೆಲ್ಲ ಅಕ್ಕ ಎನ್ನುತ್ತಿದ್ದ ಹಿರಿಯ ಸಹೋದ್ಯೋಗಿ, ಮತ್ತೆ ಹಿನಕಲ್‌ನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ನನ್ನ ಗೆಳೆಯ.

ಅಕ್ಕ ಹಣೆಗೆ ತೆಳ್ಳಗೆ ವಿಭೂತಿ ಹಚ್ಚಿಕೊಂಡು, ಸ್ಟೀಲ್ ಲೋಟದಲ್ಲಿ ಬಿಸಿನೀರು ಹಿಡಿದೇ ಕೂರುತ್ತಿದ್ದರು. ಅವರ ಯಾವ ಮಾತೂ ‘ಅಲ್ಲಪ್ಪ’ ಎಂದಲ್ಲದೆ ಶುರುವಾಗುತ್ತಿರಲಿಲ್ಲ. ಒಪ್ಪಿಕೊಳ್ಳುವಾಗಲೂ ಅಷ್ಟೇ: ‘ಅಲ್ಲಪ್ಪ, ಸರಿಯಾಗೇ ಇದೆ.’ ಗೆಳೆಯನದು ಬೇರೆ ರಾಗ. ಅವರ ಹೊಲ ಲೇಔಟಾಗಿ, ಊರೇ ಮೈಸೂರಿನೊಳಗೆ ಸೇರಿಹೋಗಿದ್ದರೂ ಮಾತು ಮಾತ್ರ ಸೇರಿರಲಿಲ್ಲ. ‘ಹಂಗಲ್ಲ’ ಅವನ ಬಾಯಲ್ಲಿ ‘ಅಂಗಲ್ಲ’. ನಾನು ಅವನನ್ನು ಅವನ ಎದುರಿಗೇ ಆಡಿ ತೋರಿಸುತ್ತಿದ್ದೆ. ಅವನು ನಗುತ್ತಿದ್ದ. ಅವನು ನಕ್ಕದ್ದನ್ನು ಅನುಮತಿ ಎಂದುಕೊಂಡು, ಆಫೀಸಿಗೆ ಯಾರೇ ಬಂದರೂ ಅವರಿಗೊಂದು ಪ್ರದರ್ಶನ ಕೊಡುತ್ತಿದ್ದೆ. ಬಂದವರ ಮುಂದೆ ಅವನ ನಗು ಸ್ವಲ್ಪ ಬೇಗ ಮುಗಿಯುತ್ತಿತ್ತು ಎನ್ನುವುದು ನನ್ನ ಕಣ್ಣಿಗೆ ಬೀಳುತ್ತಿತ್ತು. ಬಿದ್ದದ್ದನ್ನು ನಾನು ಎತ್ತಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಒಂದು ವೆಬ್‌ಸೈಟ್ ಎಂದರೆ ನಮ್ಮಲ್ಲಿ ಮೂರು ಪದರ. ಮೇಲಿನದು ಪರದೆ: ಜನ ನೋಡುವ ಪುಟ, ಒತ್ತುವ ಬಟನ್ನು. ಅದು ನನ್ನದು. ನಡುವಿನದು ಸರ್ವರಿನಲ್ಲಿ ಓಡುವ ಪ್ರೋಗ್ರಾಮು: ಪುಟ ಹೇಳಿದ್ದನ್ನು ಕೇಳಿಸಿಕೊಂಡು, ತೂಗಿ ನೋಡಿ ಒಳಗೆ ಕಳಿಸುವುದು. ಅದು ಗೆಳೆಯನದು. ಕೆಳಗಿನದು ಡೇಟಾಬೇಸು: ಎಲ್ಲವೂ ಕೊನೆಗೆ ಹೋಗಿ ನೆಲೆಯಾಗುವ ಜಾಗ. ಅದು ಅಕ್ಕನದು.

ಆಗ ನಮ್ಮ ಕೈಯಲ್ಲಿದ್ದದ್ದು ಒಂದು ಮಠದ ಟ್ರಸ್ಟಿನವರ ಮದುವೆ ಛತ್ರ. ಬೆಟ್ಟಕ್ಕೆ ಹೋಗುವ ರಸ್ತೆಯ ಕಡೆಗಿತ್ತು. ಇಂಟರ್‌ನೆಟ್ಟಿನಲ್ಲೇ ಬುಕ್ ಮಾಡುವ ಹಾಗಾಗಬೇಕು ಎನ್ನುವುದು ಟ್ರಸ್ಟಿನ ಹೊಸ ಹುಡುಗರ ಆಸೆ. ಆದದ್ದು ಏನೆಂದರೆ, ಜನ ಎಂದಿನಂತೆ ಛತ್ರದ ಕೌಂಟರಿಗೇ ಬಂದು ನಿಲ್ಲುತ್ತಿದ್ದರು. ಮ್ಯಾನೇಜರು ಅವರ ಪರವಾಗಿ ಇಂಟರ್‌ನೆಟ್ಟಿನಲ್ಲಿ ಬುಕ್ ಮಾಡಿಕೊಡುತ್ತಿದ್ದರು.

ಈ ಮ್ಯಾನೇಜರು ಮೊದಲ ದಿನವೇ ನಮ್ಮ ಮೂವರನ್ನೂ ಕೂರಿಸಿಕೊಂಡು ಒಂದು ವಿಷಯ ಬಿಡಿಸಿ ಹೇಳಿದ್ದರು. ಛತ್ರದ ದಿನ ಕ್ಯಾಲೆಂಡರಿನ ದಿನವಲ್ಲ. ಭಾನುವಾರ ಬೆಳಿಗ್ಗೆ ಮುಹೂರ್ತವೆಂದರೆ ಶನಿವಾರ ಮಧ್ಯಾಹ್ನವೇ ಅಡುಗೆಯವರು ಬಂದು ಒಲೆ ಹೊತ್ತಿಸಬೇಕು. ಸಂಜೆ ಗಂಡಿನ ಕಡೆಯವರನ್ನು ಬಾಗಿಲಲ್ಲಿ ಎದುರುಗೊಳ್ಳಬೇಕು. ವರಪೂಜೆ, ಊಟ ಎಲ್ಲ ಆಗಬೇಕು. ಮಾರನೆಯ ದಿನ ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಜಾಗ ಖಾಲಿ. ಆದ್ದರಿಂದ ಭಾನುವಾರ ಯಾರಿಗಾದರೂ ಕೊಟ್ಟರೆ ಶನಿವಾರದ ಸಂಜೆಯೂ ಅದರ ಜೊತೆಗೇ ಹೋಗಬೇಕು. ‘ಅದೊಂದು ಮರೀಬೇಡ್ರಪ್ಪ’ ಎಂದರು. ನಾವು ಮೂವರೂ ತಲೆಯಾಡಿಸಿದೆವು. ಇದನ್ನು ನಮ್ಮಲ್ಲಿ ಯಾರು ಬರೆಯುವುದು ಎಂದು ಒಬ್ಬರೂ ಕೇಳಲಿಲ್ಲ.

ಹಾಗಾಗಿ ಮೂವರೂ ಬರೆದೆವು.

ಇದು ಮರೆವಿನಿಂದ ಆದದ್ದಲ್ಲ, ದಾಕ್ಷಿಣ್ಯದಿಂದ ಆದದ್ದು. ನಾನು ಬರೆದಿರುತ್ತೇನೋ ಇಲ್ಲವೋ ಎಂದು ಗೆಳೆಯನಿಗೆ ಅನುಮಾನ. ಕೇಳಿದರೆ ‘ನನ್ನ ಮೇಲೆ ನಂಬಿಕೆ ಇಲ್ವಾ’ ಎಂದು ನಾನು ಮುಖ ಊದಿಸಿಕೊಳ್ಳಬಹುದು. ಕೇಳುವುದೇಕೆ, ತಾನೇ ಬರೆದುಬಿಟ್ಟರಾಯಿತು. ಅವನು ಬರೆದಿರುತ್ತಾನೋ ಇಲ್ಲವೋ ಎಂದು ಅಕ್ಕನಿಗೆ. ಪಾಪ ಹುಡುಗ, ಕೇಳಿ ಯಾಕೆ ನೋಯಿಸಬೇಕು, ನಾನೇ ಸೇರಿಸುತ್ತೇನೆ ಎಂದುಕೊಂಡರು. ಬೇರೆ ಊರುಗಳಲ್ಲಿ ಜನ ಕೂಗಾಡಿ ಮುಗಿಸುವುದನ್ನು ನಮ್ಮ ಊರಲ್ಲಿ ಸದ್ದಿಲ್ಲದೆ ಇನ್ನೊಂದು ಸಲ ಮಾಡಿ ಮುಗಿಸುತ್ತಾರೆ.

ಫಲ ಏನಾಯಿತೆಂದರೆ, ಮಂಗಳವಾರದ ಮದುವೆಯೊಂದು ಬುಕ್ ಆದರೆ ನನ್ನ ಪುಟ ಸೋಮವಾರದಿಂದ ಎಂದು ಬರೆದು ಕೆಳಗೆ ಕಳಿಸುತ್ತಿತ್ತು. ಗೆಳೆಯನ ಪ್ರೋಗ್ರಾಮು ಸೋಮವಾರವೇ ಮುಹೂರ್ತವೆಂದು ತಿಳಿದು ಭಾನುವಾರ ಸೇರಿಸುತ್ತಿತ್ತು. ಅಕ್ಕನ ಡೇಟಾಬೇಸು ಭಾನುವಾರವೇ ಮುಹೂರ್ತವೆಂದು ತಿಳಿದು ಶನಿವಾರ ಸೇರಿಸುತ್ತಿತ್ತು. ಕ್ಯಾಲೆಂಡರಿನ ಪುಟ ತುಂಬ ಕೆಂಪು. ಛತ್ರಕ್ಕೆ ಬೀಗ, ಕಂಪ್ಯೂಟರಿನಲ್ಲಿ ಫುಲ್ಲು. ಮ್ಯಾನೇಜರು ಬಂದವರನ್ನೆಲ್ಲ ಕೈಮುಗಿದು ವಾಪಸ್ ಕಳಿಸುತ್ತಿದ್ದರು. ನಮಗೆ ಒಂದು ಮಾತು ಹೇಳಬಹುದಿತ್ತು. ಕಷ್ಟಪಟ್ಟು ಮಾಡಿದ್ದಾರೆ, ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಅವರೂ ಸುಮ್ಮನಿದ್ದರು.

ಆ ದಿನಗಳಲ್ಲೇ ಗೆಳೆಯನ ತಂಗಿಗೆ ಗಂಡು ಗೊತ್ತಾಯಿತು. ಗಂಡಿನ ಕಡೆಯವರು ಬಹಳ ಮರ್ಯಾದಸ್ಥರು. ವರೋಪಚಾರ, ಚಿನ್ನ, ಯಾವುದರ ಮಾತನ್ನೂ ಎತ್ತಲಿಲ್ಲ. ಅವರು ಕೇಳಿದ್ದು ಒಂದೇ: ಮದುವೆ ಇದೇ ಛತ್ರದಲ್ಲಿ ಆಗಲಿ. ಗಂಡಿನ ತಂದೆಯ ಮದುವೆಯೂ, ಹಿರಿಯ ಮಕ್ಕಳ ಮದುವೆಯೂ ಅಲ್ಲೇ ಆಗಿತ್ತಂತೆ. ‘ಬೇರೇನೂ ಕೇಳ್ಲಿಲ್ಲ ಗುರು. ಅದೊಂದು ಮಾಡ್ಕೊಡ್ದೇ ಓದ್ರೆ ನಮ್ಮಪ್ಪ ಎಂಗೆ ತಲೆ ಎತ್ತದು?’ ಎಂದ ಗೆಳೆಯ. ಜೋಯಿಸರು ಭಾನುವಾರವೊಂದನ್ನು ಹೇಳಿದ್ದರು. ಅವನು ನಾವೇ ಮಾಡಿದ ಸೈಟಿನಲ್ಲಿ ನೋಡಿದ್ದ. ಕೆಂಪು.

‘ಮ್ಯಾನೇಜರ್‌ನ ಒಂದು ಮಾತು ಕೇಳು’ ಎಂದೆ.

‘ಸೈಟ್ ಮಾಡ್ದೋರೇ ಓಗಿ ಜಾಗ ಮಾಡ್ಕೊಡಿ ಅಂದ್ರೆ ಚೆನ್ನಾಗಿರ್ತದಾ? ಬ್ಯಾಡ ಬುಡು.’

ನಾನು ಏನು ಮಾಡಿದೆ? ಮ್ಯಾನೇಜರರ ದನಿ ತೆಗೆದು, ‘ಅಯ್ಯೋ, ಭಾನುವಾರವಾ ಸ್ವಾಮಿ? ಮುಂದಿನ ಜನ್ಮದಲ್ಲಿ ನೋಡಿ, ಖಾಲಿ ಇದ್ರೆ ಹೇಳ್ತೀನಿ’ ಎಂದೆ. ಅವನು ಊಟದ ಡಬ್ಬಿ ಮುಚ್ಚಿದ. ಅರ್ಧ ಮುದ್ದೆ ಒಳಗೇ ಇತ್ತು.

ಗುಟ್ಟು ಬಿಚ್ಚಿದ್ದು ಅಕ್ಕ. ಯಾವುದನ್ನೋ ಹುಡುಕುತ್ತಿದ್ದವರು ಲೋಟ ಕೆಳಗಿಟ್ಟು, ‘ಅಲ್ಲಪ್ಪ, ಇದ್ಯಾವ ಅರಮನೆಯವರ ಮದುವೆ? ಮಂಗಳವಾರದ್ದಕ್ಕೆ ಶನಿವಾರದಿಂದ ಹಿಡ್ಕೊಂಡಿದ್ದಾರೆ’ ಎಂದರು. ಮೂವರೂ ಬಗ್ಗಿ ನೋಡಿದೆವು. ಪದರ ಪದರವಾಗಿ ಬಿಡಿಸಿದಾಗ ಎಲ್ಲ ಹೊರಬಿತ್ತು. ತಂಗಿಯ ಭಾನುವಾರವನ್ನು ಕಿತ್ತುಕೊಂಡಿದ್ದದ್ದು ಅಣ್ಣ ಪ್ರೋಗ್ರಾಮಿನಲ್ಲಿ ಬರೆದ ಸಾಲೇ. ಅವನು ಪರದೆಯನ್ನೇ ನೋಡುತ್ತಾ ಮೆಲ್ಲಗೆ ‘ಓ’ ಎಂದ.

ಮಾಲೀಕರು ಬಂದು ಕೇಳಿ, ‘ಒಂದೇ ಕೆಲಸ ಮೂರು ಕಡೆ ಯಾಕ್ರೀ? ಒಂದು ಕಡೆ ಇರ್ಲಿ, ಮಿಕ್ಕಿದ್ದು ತೆಗೀರಿ. ಎಲ್ಲಿರ್ಬೇಕು ಅನ್ನೋದನ್ನ ನೀನು ನೋಡಿ ಎಲ್ಲರಿಗೂ ಹೇಳಯ್ಯ, ಮಾತಾಡೋನು ನೀನೇ ಅಲ್ವಾ’ ಎಂದು ನನಗೆ ವಹಿಸಿದರು.

ಎಲ್ಲಿರಬೇಕು ಎನ್ನುವುದರಲ್ಲಿ ಕಷ್ಟವೇನೂ ಇರಲಿಲ್ಲ. ಅಕ್ಕನ ಬಳಿ ಇರಬೇಕು. ಇವತ್ತು ಪುಟದಿಂದ ಬರುವವರು ನಾಳೆ ಬೇರೆ ಯಾವ ಬಾಗಿಲಿನಿಂದ ಬಂದರೂ ಕೊನೆಗೆ ಮುಟ್ಟುವುದು ಡೇಟಾಬೇಸನ್ನೇ. ಶನಿವಾರದ ಸಂಜೆಯನ್ನು ಅಲ್ಲಿ ಒಬ್ಬರು ಕಾಯ್ದರೆ ಸಾಕು. ನಾನೂ ಗೆಳೆಯನೂ ನಮ್ಮ ನಮ್ಮ ಸಾಲುಗಳನ್ನು ಅಳಿಸಬೇಕು. ಒಂದೇ ವಾಕ್ಯ: ‘ರೂಲು ಅಕ್ಕನ ಹತ್ರ ಇರ್ಲಿ, ನಾವಿಬ್ರೂ ತೆಗೆಯೋಣ.’ ಹೇಳಿ ನೀರು ಕುಡಿಯುವಷ್ಟು ಹೊತ್ತು ಸಾಕಿತ್ತು.

ಆದರೆ ಹಾಗೆ ಬರಿದಾಗಿ ಹೇಳುವುದರಲ್ಲಿ ನನಗೇನು ಮಜಾ? ಊಟದ ಹೊತ್ತಿಗೆ ಎದ್ದು ನಿಂತು ಒಂದು ಆಟ ಆಡಿದೆ. ನಮ್ಮ ಸಾಫ್ಟ್‌ವೇರು ಒಂದು ಮನೆ. ಮನೆಗೆ ಅತಿಥಿಯೊಬ್ಬರು ಬರುತ್ತಾರೆ. ಬಾಗಿಲಲ್ಲಿ ನಾನು, ಹಲ್ಲು ಕಿರಿದು: ‘ಬನ್ನಿ ಬನ್ನಿ, ಮೊದ್ಲು ಕಾಫಿ!’ ಅತಿಥಿ ಕುಡಿದು ಒಳಗೆ ಬಂದರೆ ಹಜಾರದಲ್ಲಿ ಗೆಳೆಯ: ‘ಏನ್ ಸಾ, ಅಂಗೇ ಕೂತ್ಬುಟ್ರಿ? ತಕಳಿ, ಒಸಿ ಕಾಪಿ.’ ದಾಕ್ಷಿಣ್ಯಕ್ಕೆ ಅದನ್ನೂ ಕುಡಿದರೆ ಅಡುಗೆಮನೆ ಬಾಗಿಲಲ್ಲಿ ಅಕ್ಕ, ಸೆರಗು ಸಿಕ್ಕಿಸಿಕೊಂಡು: ‘ಅಲ್ಲಪ್ಪ, ಇಷ್ಟು ಹೊತ್ತಾಯ್ತು, ಯಾರೂ ಒಂದು ತೊಟ್ಟು ಕಾಫಿ ಕೊಡ್ಲಿಲ್ವಾ?’ ಆ ಮೂರನೆಯ ಲೋಟವನ್ನು ನೋಡಿದ್ದೇ ಅತಿಥಿ ಹೊಟ್ಟೆ ಹಿಡಿದುಕೊಂಡು, ‘ಅಮ್ಮಾ, ಬಚ್ಚಲು ಎಲ್ಲಿ?’ ಎಂದು ಓಡುತ್ತಾನೆ.

ಮಾಲೀಕರು ಮೇಜು ಕುಟ್ಟಿ ನಕ್ಕರು. ಗೆಳೆಯನೂ ನಕ್ಕ. ಅಕ್ಕ ಕಣ್ಣೊರೆಸಿಕೊಳ್ಳುತ್ತಾ, ‘ಅಲ್ಲಪ್ಪ, ನಾನು ಥೇಟ್ ಹಂಗೇ ಮಾಡೋದು’ ಎಂದರು. ಎಲ್ಲರೂ ಡಬ್ಬಿ ತೊಳೆಯಲು ಎದ್ದರು. ಆಟದ ಅಬ್ಬರದಲ್ಲಿ ನಾನು ಎಲ್ಲವನ್ನೂ ಹೇಳಿದ ಹಾಗೇ ಅನ್ನಿಸಿತ್ತು. ಆ ಒಂದು ವಾಕ್ಯವನ್ನು ಮಾತ್ರ ಹೇಳಿರಲಿಲ್ಲ.

ಮಧ್ಯಾಹ್ನ ನಾನು ನನ್ನ ಸಾಲು ಅಳಿಸಿದೆ. ಗೆಳೆಯ ಅವನದು ಅಳಿಸಿದ. ಅಕ್ಕ ಅವರದೂ ಅಳಿಸಿದರು. ಅಳಿಸದೆ ಇನ್ನೇನು ಮಾಡುತ್ತಾರೆ? ನನ್ನ ಆಟದಲ್ಲಿ ಅತಿಥಿಯ ಹೊಟ್ಟೆ ಕೆಡಿಸಿದ್ದು ಅವರ ಲೋಟವೇ. ಹೆಚ್ಚಾಗಿದ್ದದ್ದು ತನ್ನ ಕಾಫಿ ಎಂದು ತಿಳಿದುಕೊಂಡರು. ಇಬ್ಬರು ಹುಡುಗರಲ್ಲಿ ಯಾರೋ ಒಬ್ಬರು ಇಟ್ಟುಕೊಂಡಿರುತ್ತಾರೆ. ಯಾರು ಎಂದು ಕೇಳಿದರೆ ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ ಅನ್ನಿಸಬಹುದು.

ಕ್ಯಾಲೆಂಡರು ತೆರೆದು ನೋಡಿದೆವು. ಕೆಂಪೆಲ್ಲ ಇಳಿದು ಭಾನುವಾರ ಹಸಿರಾಗಿತ್ತು. ನಾವು ಪರೀಕ್ಷಿಸಿದ್ದು ಅಷ್ಟನ್ನೇ. ಗೆಳೆಯ ಆ ಸಂಜೆಯೇ ಅಪ್ಪನನ್ನು ಕರೆದುಕೊಂಡು ಹೋಗಿ ಛತ್ರ ಹಿಡಿದ. ಮಾರನೆಯ ದಿನ ಅವರಮ್ಮ ಮಾಡಿದ ಸಜ್ಜಪ್ಪ ತಂದು ನಮ್ಮೆಲ್ಲರ ಕೈಗೂ ಇಟ್ಟ. ‘ಗುರು, ನಿನ್ನಿಂದ ಆಯ್ತು’ ಎಂದ. ನಾನು ಹೌದೆಂದುಕೊಂಡೆ.

ಮದುವೆಗೆ ಮೊದಲು ಒಂದು ದಿನ ಹಿನಕಲ್‌ನ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅವನಮ್ಮ ನನ್ನನ್ನು ಮಗಾ ಎನ್ನುತ್ತಿದ್ದರು. ನಗಿಸು ಎಂದು ಕೇಳಿದರು. ಕೇಳಬೇಕಾಗಿರಲಿಲ್ಲ. ಬಸ್ ಕಂಡಕ್ಟರು, ನಮ್ಮ ಮಾಲೀಕರು, ಅಕ್ಕ, ಎಲ್ಲ ಆಯಿತು. ಅವರು ಬಗ್ಗಿ ಬಗ್ಗಿ ನಕ್ಕರು. ಆ ಅಮಲಿನಲ್ಲಿ ಅವರ ಮಗನನ್ನೂ ಆಡಿ ತೋರಿಸಿದೆ, ಅವನ ಅಂಗೆ ಇಂಗೆ ಎಲ್ಲ ಸೇರಿಸಿ. ಆಕೆ ನಗುತ್ತಿದ್ದವರು ನಿಲ್ಲಿಸಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ‘ನಮ್ ಮಾತು ಅಂಗೇ ಅಲ್ವಾ, ಮಗಾ’ ಎಂದರು. ಕೋಪವಿರಲಿಲ್ಲ. ತಮ್ಮ ಮನೆಯಲ್ಲೇ ಏನೋ ಸರಿಯಿಲ್ಲ ಎಂದು ಈಗ ತಿಳಿದವರ ಹಾಗಿದ್ದರು. ನನ್ನ ಎಲೆಗೆ ಇನ್ನೊಂದು ಸೌಟು ಹುಳಿ ಬಡಿಸಿದರು. ರುಚಿಯಾಗಿದೆ ಎನ್ನುತ್ತಾ ತಿಂದೆ.

ಆ ಶನಿವಾರ ಬಂತು.

ನಾಲ್ಕರ ಸುಮಾರಿಗೆ ಛತ್ರಕ್ಕೆ ಹೋದರೆ ಗೇಟಿನಲ್ಲಿ ಎರಡು ಸ್ವಾಗತದ ಮೇಜುಗಳು ಅಕ್ಕಪಕ್ಕ ನಿಂತಿದ್ದವು. ಎರಡರ ಮೇಲೂ ಪನ್ನೀರುದಾನಿ, ಎರಡರ ಮೇಲೂ ಕಲ್ಲುಸಕ್ಕರೆ. ಒಂದು ಮೇಜಿನ ಹಿಂದೆ ಗೆಳೆಯನ ಚಿಕ್ಕಮ್ಮಂದಿರು. ಇನ್ನೊಂದರ ಹಿಂದೆ ನಾನು ನೋಡೇ ಇರದ ಹೆಂಗಸರು. ಒಳಗಿಂದ ಮೃದಂಗ ಶ್ರುತಿ ಮಾಡುವ ಸದ್ದು. ವೇದಿಕೆಯ ಮೇಲೆ ಧಾರೆ ಮಂಟಪ ಇರಬೇಕಾದ ಕಡೆ ನಟರಾಜನ ವಿಗ್ರಹ, ಹಿಂದೆ ಕಪ್ಪು ಪರದೆ. ಸಣ್ಣ ಹುಡುಗಿಯೊಬ್ಬಳ ಭರತನಾಟ್ಯ ರಂಗಪ್ರವೇಶ. ಆಕೆಯ ತಂದೆ ಶನಿವಾರದ ಸಂಜೆ ಹಸಿರಾಗಿರುವುದನ್ನು ನೋಡಿ ಸರಿಯಾದ ದಾರಿಯಲ್ಲೇ ಹಿಡಿದಿದ್ದರು.

ಮ್ಯಾನೇಜರು ನನ್ನನ್ನು ಕಂಡು ಓಡಿ ಬಂದರು. ‘ಅಲ್ಲ ಕಣ್ರೀ, ಸಂಜೆ ಖಾಲಿ ಅಂತ ತೋರಿಸ್ತು. ನನಗೂ ಒಂಥರಾ ಅನ್ನಿಸ್ತು. ನಿಮ್ಮ ಆಫೀಸಿನ ಹುಡುಗನ ಮನೆ ಮದುವೆ, ನೀವೇ ಬಿಟ್ಕೊಟ್ಟಿರ್ಬೇಕು ಅಂದ್ಕೊಂಡೆ. ಕೇಳೋದು ಹೇಗೆ ಅಂತ ಸುಮ್ನಾಗ್ಬುಟ್ಟೆ.’ ಅಕ್ಕನೂ ತಮ್ಮ ಸಾಲು ಅಳಿಸಿದ್ದಾರೆ, ನಾನು ಆ ಒಂದು ವಾಕ್ಯ ಹೇಳಿಯೇ ಇಲ್ಲ ಎಂದು ಆಗ ಹೊಳೆಯಿತು.

ಅಂಗಳದಲ್ಲಿ ಗೆಳೆಯನ ಅಪ್ಪನೂ ಆ ಹುಡುಗಿಯ ಅಪ್ಪನೂ ಎದುರುಬದುರಾಗಿ ನಿಂತಿದ್ದರು.

‘ನೀವು ಮೊದ್ಲು ಮಾಡ್ಕೊಳ್ಳಿ ಸಾರ್, ಮದುವೆ ಮನೆ.’

‘ಎಲ್ಲಾದ್ರೂ ಉಂಟಾ, ಮಗು ವೇಸ ಕಟ್ಕಂಡು ನಿಂತದೆ. ನೀವೇ ಮಾಡಿ.’

‘ಬೇಡಿ ಬೇಡಿ, ನಾವು ಕಾಯ್ತೀವಿ.’

‘ಚೆನ್ನಾಗದಾ? ನಾವು ಕಾಯ್ತೀವಿ.’

ನಾನು ಊಟದ ಹೊತ್ತಿನಲ್ಲಿ ಆಡಿ ತೋರಿಸಿದ್ದನ್ನೇ ಅವರು ನಿಜವಾಗಿ ಆಡುತ್ತಿದ್ದರು. ಇಲ್ಲಿ ಯಾರೂ ಮೇಜು ಕುಟ್ಟಿ ನಗುತ್ತಿರಲಿಲ್ಲ. ಇಬ್ಬರ ಹಣೆಯ ಮೇಲೂ ಬೆವರಿತ್ತು. ನಡುವೆ ಅಡುಗೆಯವರು ಕೊಳಗ ಹೊತ್ತುಕೊಂಡು ಯಾವ ಕಡೆ ಹೋಗುವುದೆಂದು ತಿಳಿಯದೆ ನಿಂತಿದ್ದರು. ಅಷ್ಟರಲ್ಲಿ ಗಂಡಿನ ಕಡೆಯವರ ಬಸ್ಸು ಗೇಟಿಗೆ ಬಂತು.

ಬಾಗಿಲಲ್ಲಿ ಆರತಿ ಎತ್ತಿದರು. ಎತ್ತಿದ ಮೇಲೆ ಒಳಗೆ ಕರೆದುಕೊಂಡು ಹೋಗಿ ಕೂರಿಸಲು ಜಾಗವಿರಲಿಲ್ಲ. ಹಾಲಿನ ತುಂಬ ರಂಗಪ್ರವೇಶದ ನೆಂಟರು. ಕೊನೆಗೆ ಮದುಮಗನನ್ನೂ, ಅವನ ತಂದೆಯನ್ನೂ, ಬಳಗವನ್ನೂ ಊಟದ ಮನೆಗೆ ಕರೆದುಕೊಂಡು ಹೋಗಿ, ಹೆಚ್ಚಿಟ್ಟ ಬೂದುಗುಂಬಳದ ಪಕ್ಕದಲ್ಲಿ ಕುರ್ಚಿ ಹಾಕಿದರು. ಗಂಡಿನ ಸೋದರಮಾವನೊಬ್ಬರು ಸುತ್ತ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: ‘ಏನ್ ಬೀಗರೇ, ಛತ್ರ ಅರ್ಧ ದಿನಕ್ಕೆ ಹಿಡಿದ್ರಾ? ಹೇಳಿದ್ರೆ ನಾವೂ ನಾಳೆ ಬೆಳಿಗ್ಗೇನೇ ಬರ್ತಿದ್ವಲ್ಲ.’

ಗೆಳೆಯ ಮುಂದೆ ಬಂದು ಕೈಮುಗಿದ. ‘ನಂದೇ ತಪ್ಪು ಮಾವ. ಬುಕ್ ಮಾಡುವಾಗ ನಾನೇ ಸರಿಯಾಗಿ ನೋಡ್ಕಳ್ನಿಲ್ಲ. ಅಪ್ಪಂಗೇನೂ ಗೊತ್ತಿಲ್ಲ.’

ಗಂಡಿನ ತಂದೆ ಹೆಗಲ ಶಲ್ಯ ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಅವರು ಕೇಳಿದ್ದು ಒಂದೇ ಒಂದು ಎನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೆಣ್ಣಿನ ಕಡೆಯವರು ಅದನ್ನೂ ಅರ್ಧ ಮಾಡಿ ಕೊಟ್ಟರು ಎಂದು ಆ ಊಟದ ಮನೆಯಲ್ಲಿ ಬರೆದ ಹಾಗೇ ಇತ್ತು. ಬಾಗಿಲ ಸಂದಿಯಲ್ಲಿ ಗೆಳೆಯನ ತಂಗಿ, ಅರ್ಧ ಮುಡಿದ ಹೂವಿನಲ್ಲೇ ನಿಂತು ನೋಡುತ್ತಿದ್ದಳು.

ಗೆಳೆಯನ ಅಮ್ಮ ನನ್ನ ತೋಳು ಹಿಡಿದರು. ‘ಮಗಾ, ನಗ್ಸೋದು ನಿಂಗೆ ಬತ್ತದಲ್ಲ. ಆ ಮಗು ಕುಣಿದು ಮುಗಿಸೋಗಂಟ ಇವರನ್ನ ಒಸಿ ನಗ್ಸಪ್ಪ.’

ನಾನು ಕುರ್ಚಿಗಳ ನಡುವೆ ಹೋಗಿ ನಿಂತೆ. ಅವನಮ್ಮ, ‘ಈ ಹುಡುಗ ಎಲ್ಲರ ದನೀನೂ ಮಾಡ್ತದೆ ಬೀಗರೇ, ನೋಡಿ’ ಎಂದು ಪರಿಚಯ ಹೇಳಿದರು. ಗಂಟಲಿನಲ್ಲಿ ಒಬ್ಬರೂ ಇರಲಿಲ್ಲ. ಕಂಡಕ್ಟರು, ಮಾಲೀಕರು, ಅಕ್ಕ, ಎಲ್ಲರೂ ಇಳಿದುಹೋಗಿದ್ದರು.

‘ಮಾವ’ ಎಂದೆ, ಗಂಡಿನ ತಂದೆಯ ಕಡೆ ತಿರುಗಿ. ‘ಇವರು ಛತ್ರ ಪೂರ್ತಿ ಹಿಡಿದಿದ್ರು. ಸಂಜೆಗೂ ಹಿಡಿದಿದ್ರು. ಅದು ಕಂಪ್ಯೂಟರ್‌ನಲ್ಲಿ ನಿಲ್ಲದ ಹಾಗೆ ಮಾಡಿದ್ದು ನಾನು. ಇವರದು ಏನೂ ತಪ್ಪಿಲ್ಲ.’

ಸೋದರಮಾವ ತೊಡೆ ತಟ್ಟಿದರು. ‘ಆಹಾ! ಥೇಟ್ ಸರ್ಕಾರಿ ಗುಮಾಸ್ತ! ಆ ಮುಖ ನೋಡ್ರೋ!’ ಬಳಗವೆಲ್ಲ ನಕ್ಕಿತು.

‘ಇಲ್ಲ, ನಿಜವಾಗಿ’ ಎಂದೆ. ಇನ್ನೂ ನಕ್ಕರು.

ಅವನಮ್ಮನೂ ನಕ್ಕರು. ನಗು ಬಂದದ್ದಕ್ಕೆ ಅವರಿಗೆ ಸಮಾಧಾನವಾಗಿತ್ತು. ನನ್ನ ಕಡೆ ಪ್ರೀತಿಯಿಂದ ನೋಡಿ, ‘ಚೆನ್ನಾಗದೆ ಮಗಾ. ಇದ್ಯಾರ ದನಿ?’ ಎಂದು ಕೇಳಿದರು.

ಅಷ್ಟು ಜನರ ನಡುವೆ, ಹೆಚ್ಚಿದ ಬೂದುಗುಂಬಳದ ಪಕ್ಕದಲ್ಲಿ ನಿಂತು, ಇದು ನನ್ನದೇ ದನಿ ಎಂದು ಹೇಳುವುದು ಹೇಗೆ? ಹೇಳಿದರೂ ಅದು ಯಾರದೋ ದನಿಯ ಹಾಗೇ ಕೇಳಿಸುತ್ತಿತ್ತು. ಗೆಳೆಯನೊಬ್ಬನೇ ನಗಲಿಲ್ಲ. ನನ್ನನ್ನು ನೋಡಬಾರದೆಂದು ನೆಲ ನೋಡುತ್ತಿದ್ದ.

ಆಗ ಬಾಗಿಲಿನಿಂದ ‘ಅಲ್ಲಪ್ಪ’ ಎಂದು ಕೇಳಿಸಿತು. ಅಕ್ಕ. ಮದುವೆಗೆಂದು ಬಂದವರು, ಒಳ್ಳೆಯ ಸೀರೆ, ಕೈಯಲ್ಲಿ ಉಡುಗೊರೆಯ ಪೊಟ್ಟಣ. ಎಲ್ಲರೂ ತಿರುಗಿದರು. ‘ಅಲ್ಲಪ್ಪ, ಅವನು ಆಟ ಆಡ್ತಿಲ್ಲ. ಹುಡುಗ ಹೇಳ್ತಿರೋದು ನಿಜ. ಛತ್ರದ ಲೆಕ್ಕ ನೋಡೋದು ನಮ್ಮ ಆಫೀಸೇ. ಸಂಜೆ ಇವರದೇ ಆಗಿತ್ತು, ನಾವು ಮೂವರೂ ಸೇರಿ ಅಳಿಸಿದ್ವಿ. ಇವರ ಮೇಲೆ ಹಾಕ್ಬೇಡಿ.’

ಅಕ್ಕ ಹೇಳಿದ್ದು ಹೆಚ್ಚುಕಡಿಮೆ ನಾನು ಹೇಳಿದ್ದನ್ನೇ. ಆದರೆ ಈಗ ಯಾರೂ ನಗಲಿಲ್ಲ. ಸೋದರಮಾವ ಕುರ್ಚಿಯಲ್ಲಿ ನೆಟ್ಟಗಾದರು.

ಗಂಡಿನ ತಂದೆ ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ಮೇಲೆ ನೋಟ ಸ್ವಲ್ಪ ಹೆಚ್ಚು ಹೊತ್ತೇ ನಿಂತಿತು. ಆಮೇಲೆ ಎದ್ದು, ಗೆಳೆಯನ ಅಪ್ಪನ ಹೆಗಲ ಮೇಲೆ ಕೈಯಿಟ್ಟು, ‘ಬನ್ನಿ ಬೀಗರೇ, ಆ ಮಗು ಕುಣಿಯೋದನ್ನ ನಾವೂ ನೋಡೋಣ. ನಮ್ಮ ಮನೆ ಮದುವೇಲಿ ನಾಟ್ಯ ಇತ್ತು ಅಂತ ಹೇಳ್ಕೊಳ್ಳೋಕಾಯ್ತು’ ಎಂದು ಮುಂದೆ ನಡೆದರು. ಬಳಗ ಹಿಂದೆ ಹೋಯಿತು. ಮದುಮಗನೂ ಹೋದ. ಮುಂದಿನ ಸಾಲಿನವರು ಎದ್ದು ಜಾಗ ಕೊಟ್ಟರು. ಹುಡುಗಿ ಮಂಗಳ ಹಾಡಿಗೆ ಕುಣಿದು ಮುಗಿಸಿದಾಗ ಎರಡು ಮನೆಯವರೂ ಚಪ್ಪಾಳೆ ತಟ್ಟಿದರು. ನಟರಾಜನನ್ನು ಎತ್ತಿಟ್ಟು ಅದೇ ವೇದಿಕೆಯ ಮೇಲೆ ವರಪೂಜೆ ಆಯಿತು. ತಡವಾದದ್ದು ನಿಜ, ಆದರೆ ಆ ಮಾತನ್ನು ಯಾರೂ ಎತ್ತಲಿಲ್ಲ.

ನನ್ನನ್ನು ಯಾರೂ ಬೈಯಲೂ ಇಲ್ಲ. ಅವನಮ್ಮ ನನ್ನನ್ನು ಹುಡುಕಿಕೊಂಡು ಬಂದು, ‘ಗೊತ್ತಾಗ್ನಿಲ್ಲ ಮಗಾ, ನಕ್ಕುಬುಟ್ಟೆ, ಬೇಜಾರು ಮಾಡ್ಕೋಬ್ಯಾಡ’ ಎಂದರು. ನನ್ನ ಹತ್ತಿರ ಅವರು ಬೇಜಾರು ಮಾಡ್ಕೋಬ್ಯಾಡ ಎಂದರು. ಎಲೆಯ ಮುಂದೆ ಕೂರಿಸಿ ಬಡಿಸಿದರು. ನಾನು ತಲೆಯೆತ್ತಿ ಸಾಕು ಎನ್ನಲಾರದೆ, ಹಾಕಿದ್ದನ್ನೆಲ್ಲ ತಿಂದೆ.

ಸೋಮವಾರ ಗೆಳೆಯ ರಜೆಯಲ್ಲಿದ್ದ. ಅವನು ಬರುವವರೆಗೆ ಕಾದೆ. ಬಂದ ದಿನ ಇಬ್ಬರನ್ನೂ ಕೂರಿಸಿಕೊಂಡು, ಯಾರ ದನಿಯೂ ಇಲ್ಲದೆ ಹೇಳಿದೆ: ‘ರೂಲು ಅಕ್ಕನ ಹತ್ರ. ನಡುವೆ ಲೆಕ್ಕ ಬೇಡ, ಅಕ್ಕ ಹೇಳಿದ್ದನ್ನ ಮೇಲಕ್ಕೆ ತಂದುಕೊಟ್ರೆ ಸಾಕು. ಪುಟ ಕೇಳುತ್ತೆ, ಬಂದದ್ದನ್ನ ತೋರಿಸುತ್ತೆ, ಅಷ್ಟೇ.’ ಅಕ್ಕ, ‘ಅಲ್ಲಪ್ಪ, ಇನ್ನೊಂದ್ಸಲ ಹೇಳು’ ಎಂದರು. ಹೇಳಿದೆ. ಈ ಸಲ ಭಾನುವಾರದ ಮದುವೆಯೊಂದರ ಹಿಂದಿನ ಶನಿವಾರದ ಸಂಜೆಯನ್ನು ಬುಕ್ ಮಾಡಲು ನಾವೇ ಪ್ರಯತ್ನಿಸಿ, ಆಗುವುದಿಲ್ಲ ಎನ್ನುವುದನ್ನು ಮೂವರೂ ಕಣ್ಣಾರೆ ನೋಡಿದೆವು.

ಕೆಲವು ದಿನಗಳ ಮೇಲೆ ಗೆಳೆಯನ ಪ್ರೋಗ್ರಾಮನ್ನು ಓದುತ್ತಿದ್ದೆ. ಲೆಕ್ಕವೆಲ್ಲ ಹೋಗಿ ಹಗುರವಾಗಿತ್ತು. ಒಂದು ಸಾಲು ಮಾತ್ರ ಉಳಿದಿತ್ತು: ನನ್ನ ಪುಟ ಕಳಿಸಿದ ದಿನಾಂಕ ನಿಜವಾಗಿಯೂ ದಿನಾಂಕವೇ ಎಂದು ನೋಡುವುದು. ಅದನ್ನು ನನ್ನ ಪುಟವೂ ನೋಡುತ್ತಿತ್ತು.

‘ಇದನ್ನೂ ತೆಗಿ. ಇದೂ ಡಬಲ್ ಕೆಲಸ ಕಣೋ’ ಎಂದೆ.

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ‘ಇದು ಡಬಲ್ಲಲ್ಲ ಗುರು. ನಿನ್ ಕಡೆಯಿಂದ ಬಂದಿದ್ದಕ್ಕೆ ಒಬ್ರು ಔದು ಅನ್ಬೇಕು.’

‘ಯಾಕೆ?’

‘ಅವತ್ತು ಮದ್ವೆ ಮನೇಲಿ ಅಕ್ಕ ಅನ್ನಿಲ್ವಾ? ಅಂಗೆ.’

ಹೇಳಿದ್ದರಲ್ಲಿ ಕುಹಕವಿರಲಿಲ್ಲ. ನಡುವಿನ ಪದರದಲ್ಲಿ ಕೂತವನು ಪರದೆಯಿಂದ ಬಂದದ್ದನ್ನು ಹಾಗೇ ನಂಬಬಾರದು ಎನ್ನುವುದು ಈ ಕೆಲಸದಲ್ಲಿ ಎಲ್ಲರೂ ಕಲಿಯುವ ಮಾತು. ನಾನೂ ಕಲಿತಿದ್ದೆ. ಪರದೆ ಎಂದರೆ ನಾನೇ ಎಂದು ಮಾತ್ರ ತಿಳಿದಿರಲಿಲ್ಲ. ಕೆಳಗೆ ಯಾರೋ ಕೊಳಗ ಬಾರಿಸಿ ನೋಡುತ್ತಿದ್ದರು. ಅವನ ‘ಔದು’ ನನ್ನ ಗಂಟಲಿಗೆ ಬಂದು ಕೂತಿತ್ತು, ಅದೇ ರಾಗ, ಅದೇ ಎಳೆತ. ನುಂಗಿಕೊಂಡೆ. ಸಾಲು ಅಲ್ಲೇ ಉಳಿಯಿತು.